ನಮ್ಮ ವಿಜ್ಞಾನದ ಕೊಠಡಿಯ ವಿಮಾನೋಪಕರಣಗಳು



ಕೆಲವು ವರ್ಷಗಳಿಂದ ನಮ್ಮ ವಿಜ್ಞಾನದ ಕೊಠಡಿಗೆ ಬಂದವರೆಲ್ಲರೂ ಅಲ್ಲಿಯ ಗಾಜಿನ ಬೀರುವಿನ ಮುಂದೆ ಒಂದು ಗಳಿಗೆ ನಿಂತು ನೋಡುತ್ತಾರೆ. ಕಪ್ಪು ಮುಖದ, ಬಿಳಿಯ ಅಂಕೆಗಳ, ಗಡಿಯಾರಗಳನ್ನು ಹೋಲುವ ಐದು ಉಪಕರಣಗಳು ಅದರೊಳಗಿವೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳಲ್ಲಿ ಇವು ಚಾಲಕನ ಕಣ್ಣೆದುರಿಗೆ ಇದ್ದಂಥವುಗಳೆಂದು ತಿಳಿದ ಮೇಲೆ, ಪೋಷಕರಲ್ಲೊಬ್ಬರು, "ಸಮಾಧಾನದ ಸುವಾರ್ತೆಯನ್ನು ಕಲಿಸುವ ಮಿಷನ್ ಶಾಲೆಯಲ್ಲಿ, ಅದೂ ಹೆಣ್ಣುಮಕ್ಕಳ ಶಾಲೆಯಲ್ಲಿ, ಯುದ್ಧದ ಸಾಮಾನುಗಳಿಗೇನು ಕೆಲಸ?" ಎಂದು ನನ್ನನ್ನು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದು. ಇವುಗಳನ್ನು ಸಂಗ್ರಹಿಸಿದವಳು ನಾನೇ ಆದುದರಿಂದ, ಈ ಸಂಚಿಕೆಯ ಮೂಲಕ ಎಲ್ಲರಿಗೂ ಉತ್ತರ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಇಂಥ ವಸ್ತುಗಳು ನಮ್ಮ ಸೀಮೆಯಲ್ಲಿ ದೊರೆಯುವುದು ಹೇಗೆಂಬುದನ್ನು ಮೊದಲು ತಿಳಿಸಬೇಕು. ನಮ್ಮ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಈ ದೇಶದಲ್ಲಿಯೇ ಮೋಟಾರು ಗಾಡಿಗಳ ಕಾರ್ಖಾನೆಯಾಗಬೇಕೆಂದು ಬಹಳ ಶ್ರಮಪಟ್ಟರು. ಆ ಯತ್ನದಲ್ಲಿ ಅವರೊಡನೆ ನಿಂತವರು ವಾಲ್‌ಚಂದ್ ಹೀರಾಚಂದರು. ಇದೇ ವಾಲ್‌ಚಂದರು ಮೈಸೂರು ಸರ್ಕಾರದ ನೆರವನ್ನು ಪಡೆದು, ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಯುದ್ಧವು ಪೂರ್ವದಿಕ್ಕಿಗೆ ಹರಡಿದ ಮೇಲೆ ಆ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ವಿಮಾನಗಳನ್ನು ದುರಸ್ತುಮಾಡುವ ದೊಡ್ಡ ಕೇಂದ್ರವಾಯಿತು. ಡಕೋಟ, ಕ್ಯಾಟಲೀನ, ಮಿಚೆಲ್ ಮೊದಲಾದ ವಿಮಾನಗಳು ಅಲ್ಲಿಗೆ ಬಂದು, ಬಿಚ್ಚಲ್ಪಟ್ಟು, ಸರಿಯಾಗಿ ಮರಳಿದವು. ನಮ್ಮ ಜಿಲ್ಲೆಯಂಥ ಕಡೆಗಳಿಂದಲೂ ಅನೇಕ ಯುವಕರು ಅಲ್ಲಿ ಕೆಲಸ ಕಲಿತರು.

ಯುದ್ಧಾನಂತರ ನಡೆದ ಇನ್ನೊಂದು ಸಂಗತಿಯನ್ನು ನಮ್ಮ ಹುಡುಗಿಯರಿಗೆ ನಾನು ತಪ್ಪದೆ ಹೇಳುವುದುಂಟು. ಬ್ರಿಟಿಷರು ಹೊರಡುವಾಗ ಕಾನ್ಪುರದಲ್ಲಿ ಲಿಬರೇಟರ್ ಎಂಬ ಭಾರಿ ಬಾಂಬರ್ ವಿಮಾನಗಳನ್ನು, ಪುನಃ ಯಾರಿಗೂ ಉಪಯೋಗವಾಗಬಾರದೆಂದು ಕೆಡಿಸಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರು ೧೯೪೮ರಲ್ಲಿ ಅಲ್ಲಿಗೆ ಹೋಗಿ, ಹಾಳಾದ ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸಿ, ಅವನ್ನು ಹಾರುವಷ್ಟಕ್ಕೆ ಸಿದ್ಧಪಡಿಸಿದರು. ಕಂಪೆನಿಯ ಚಾಲಕರಾಗಿದ್ದ ಜಮ್‌ಶೆಡ್ ಮುನ್ಷಿಯವರು ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅದೇ ವರ್ಷದ ನವೆಂಬರಿನಲ್ಲಿ ಅವುಗಳಿಂದ ನಮ್ಮ ವಾಯುಸೇನೆಯ ಐದನೆಯ ದಳವು ರೂಪುಗೊಂಡು, ೧೯೬೮ರವರೆಗೆ ಲಿಬರೇಟರುಗಳು ಸೇವೆಯಲ್ಲಿದ್ದವು. ಅವುಗಳಲ್ಲೊಂದನ್ನು ೧೯೭೪ರಲ್ಲಿ ಇಂಗ್ಲೆಂಡಿನ ವಾಯುಸೇನೆಯ ವಸ್ತುಸಂಗ್ರಹಾಲಯಕ್ಕೆ ಕೊಡಲಾಯಿತು. ಬಿಟ್ಟುಹೋದವರೇ ಕೆಡಿಸಿದ ವಸ್ತುವನ್ನು ದುರಸ್ತುಮಾಡಿ, ಇಪ್ಪತ್ತು ವರ್ಷ ದುಡಿಸಿ, ಅವರಿಗೇ ಕಾಣಿಕೆಯಾಗಿ ಕೊಟ್ಟ ಈ ಕಥೆಯಲ್ಲಿ ಕೈಕೆಲಸದ ಗೌರವವು ಎಷ್ಟಿದೆಯೆಂಬುದನ್ನು ಹೇಳಬೇಕಾಗಿಲ್ಲ.

ಹೀಗೆ ಬಿಚ್ಚಲ್ಪಟ್ಟ ವಿಮಾನಗಳ ಉಪಕರಣಗಳು ಕೆಲವು ಗುಜರಿಗೆ ಬಿದ್ದವು, ಕೆಲವು ಮನೆಗಳ ಅಟ್ಟ ಸೇರಿದವು. ನನ್ನ ಸಂಗ್ರಹದ ಮೊದಲನೆಯದು ಬೆಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ ತೂಕದ ಬೆಲೆಗೆ ದೊರೆತದ್ದು. ಉಳಿದವುಗಳನ್ನು ಹಳೆಯ ವಿದ್ಯಾರ್ಥಿನಿಯರು ತಮ್ಮ ತಾತಂದಿರ ಪೆಟ್ಟಿಗೆಗಳಿಂದ ತೆಗೆದು ತಂದುಕೊಟ್ಟರು. ಬ್ರಿಟಿಷ್ ಉಪಕರಣಗಳ ಮೇಲೆ ಕಿರೀಟದ ಗುರುತೂ "ಎ. ಎಂ." ಎಂಬ ಅಕ್ಷರಗಳೂ ಇರುತ್ತವೆ, ಅಮೆರಿಕದವುಗಳಲ್ಲಿ ಅನೇಕದರ ಮೇಲೆ "ಎ. ಎನ್." ಎಂಬ ಅಕ್ಷರಗಳ ಮುಂದೆ ಅಂಕೆಗಳಿರುತ್ತವೆ. ಇವುಗಳನ್ನು ನೋಡಿ ವಸ್ತುವಿನ ಕುಲವನ್ನು ಗೊತ್ತುಮಾಡಬಹುದು.

ಇವುಗಳಿಂದ ಕಲಿಯುವುದೇನೆಂದರೆ, ಮೇಘದೊಳಗೆ ಹೊಕ್ಕ ಚಾಲಕನಿಗೆ ಭೂಮಿಯೂ ಕಾಣದು, ದಿಗಂತವೂ ಕಾಣದು. ವಿಮಾನವು ಒಂದು ಮಗ್ಗುಲಿಗೆ ಬಾಗಿ ಸುತ್ತುತ್ತಿದ್ದರೂ, ನೆಟ್ಟಗೆ ಹೋಗುತ್ತಿರುವೆನೆಂದೇ ಅವನ ಒಳಗಿವಿಯು ಅವನಿಗೆ ಹೇಳುತ್ತದೆ. ತನ್ನ ಅನಿಸಿಕೆಯನ್ನು ನಂಬಿದವನು ನೆಲಕ್ಕೆ ಬೀಳುತ್ತಾನೆ. ಕೃತಕ ದಿಗಂತವೆಂಬ ಉಪಕರಣದೊಳಗೆ ಗಾಳಿಯ ಸೆಳೆತದಿಂದ ತಿರುಗುವ ಚಕ್ರವೊಂದಿದೆ. ವೇಗವಾಗಿ ತಿರುಗುವ ಬುಗುರಿಯು ಹೇಗೆ ತನ್ನ ನಿಲುವನ್ನು ಬಿಡಲೊಲ್ಲದೋ ಹಾಗೆಯೇ ಈ ಚಕ್ರವೂ ವಿಮಾನವು ಎತ್ತ ಬಾಗಿದರೂ ತಾನು ಬಾಗದೆ, ನಿಜವಾದ ದಿಗಂತವೆಲ್ಲಿದೆಯೆಂದು ತೋರಿಸುತ್ತದೆ. ಎಲ್ಮರ್ ಸ್ಪೆರಿಯವರ ಸಂಸ್ಥೆಯಲ್ಲಿ ಸಿದ್ಧವಾದ ಈ ಉಪಕರಣವನ್ನೂ, ಪಾಲ್ ಕೋಲ್ಸ್‌ಮನ್ನರು ೧೯೨೮ರಲ್ಲಿ ರಚಿಸಿದ ಸೂಕ್ಷ್ಮವಾದ ಎತ್ತರಮಾಪಕವನ್ನೂ ನಂಬಿ, ಜೇಮ್ಸ್ ಡೂಲಿಟಲ್ ಎಂಬ ಅಮೆರಿಕದ ಚಾಲಕನು ೧೯೨೯ರ ಸೆಪ್ಟೆಂಬರ್ ೨೪ರಂದು ಹೊರಗಿನದೊಂದೂ ಕಾಣದಂತೆ ಮುಸುಕು ಹಾಕಿದ ಆಸನದಲ್ಲಿ ಕುಳಿತು, ವಿಮಾನವನ್ನು ಮೇಲಕ್ಕೆಬ್ಬಿಸಿ, ಹಾರಿಸಿ, ಕ್ಷೇಮವಾಗಿ ಇಳಿಸಿದನು.

ಆದರೆ ಉಪಕರಣವನ್ನೂ ಕುರುಡಾಗಿ ನಂಬತಕ್ಕದ್ದಲ್ಲವೆಂಬುದನ್ನು ನಮ್ಮ ಹುಡುಗಿಯರು ಮುದ್ದೇನಹಳ್ಳಿಯಲ್ಲಿ ಕಲಿತರು. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ ೧೫ರ ಸುಮಾರಿಗೆ ನಾವು ಒಂಬತ್ತನೆಯ ತರಗತಿಯವರನ್ನು ಅವರ ಮನೆಯ ಸ್ಮಾರಕಕ್ಕೆ ಕರೆದುಕೊಂಡು ಹೋಗುವ ವಾಡಿಕೆಯಿದೆ. ಒಂದು ವರ್ಷ ಎತ್ತರಮಾಪಕವನ್ನೂ ಜತೆಗೆ ಒಯ್ದೆವು. ಇದು ವಾಸ್ತವವಾಗಿ ಗಾಳಿಯ ಒತ್ತಡವನ್ನು ಅಳೆಯುವ ಯಂತ್ರ. ಒಳಗಿನ ಗಾಳಿ ತೆಗೆದ ತೆಳುವಾದ ಲೋಹದ ಡಬ್ಬಿಯು ಒತ್ತಡ ಕಡಿಮೆಯಾದಂತೆ ಉಬ್ಬಿ, ಮುಳ್ಳನ್ನು ತಿರುಗಿಸುತ್ತದೆ. ನಮ್ಮ ಸೀಮೆಯ ಎತ್ತರದಲ್ಲಿ ಒಂದು ಮಿಲಿಬಾರ್ ಇಳಿದರೆ ಸುಮಾರು ೩೦ ಅಡಿ ಏರಿದ ಲೆಕ್ಕ. ಬೆಳಗ್ಗೆ ಹತ್ತು ಗಂಟೆಗೆ ಆ ಮನೆಯ ಮುಂದೆ ಮುಳ್ಳನ್ನು ೩೦೦೦ಕ್ಕೆ ನಿಲ್ಲಿಸಿ, ಎದುರಿನ ನಂದಿಬೆಟ್ಟಕ್ಕೆ ಹೊರಟೆವು. ಬಸ್ಸು ತಿರುವು ತಿರುವಾಗಿ ಏರಿದಂತೆ ಮುಳ್ಳೂ ಏರಿತು. ೪೮೫೧ ಅಡಿ ಎತ್ತರದ ಆ ನೆತ್ತಿಯ ಹತ್ತಿರ ಬಂದಾಗ ಮಕ್ಕಳ ಸಂತೋಷಕ್ಕೆ ಪಾರವಿರಲಿಲ್ಲ.

ಸಂಜೆ ನಾಲ್ಕು ಗಂಟೆಗೆ ಅದೇ ಮನೆಯ ಮುಂದೆ ಮರಳಿ ನಿಂತಾಗ ಮುಳ್ಳು ೩೦೦೦ಕ್ಕೆ ಬರಲಿಲ್ಲ. ಸುಮಾರು ನೂರು ಅಡಿ ಹೆಚ್ಚಾಗಿಯೇ ತೋರಿಸಿತು. "ಮಿಸ್, ಕೆಟ್ಟುಹೋಯಿತೇ?" ಎಂದು ಒಬ್ಬಳು ಅಳುಮೋರೆ ಮಾಡಿದಳು. ಕೆಟ್ಟಿರಲಿಲ್ಲ. ಉಷ್ಣದೇಶಗಳಲ್ಲಿ ಗಾಳಿಯ ಒತ್ತಡವು ಸಮುದ್ರದ ಉಬ್ಬರವಿಳಿತಗಳಂತೆ ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ; ಬೆಳಗ್ಗೆ ಹತ್ತರ ಸುಮಾರಿಗೆ ಹೆಚ್ಚಾಗಿದ್ದು, ಸಂಜೆ ನಾಲ್ಕರ ಸುಮಾರಿಗೆ ಮೂರು ನಾಲ್ಕು ಮಿಲಿಬಾರಿನಷ್ಟು ಕಡಿಮೆಯಾಗುತ್ತದೆ. ಯಂತ್ರವು ಒತ್ತಡವನ್ನು ಸರಿಯಾಗಿಯೇ ಅಳೆಯಿತು. ಎತ್ತರವೆಂದು ಓದಿದವರು ನಾವು. ಆದುದರಿಂದಲೇ ಚಾಲಕನು ಇಳಿಯುವ ಮುನ್ನ ಆ ಊರಿನ ಒತ್ತಡವನ್ನು ಕೇಳಿ ತಿಳಿದು, ಮುಳ್ಳನ್ನು ಸರಿಪಡಿಸಿಕೊಳ್ಳಬೇಕು. ನಮ್ಮ ಹುಡುಗಿಯರು ಆ ದಿನ ತಾವಾಗಿಯೇ ಇದನ್ನು ಲೆಕ್ಕಮಾಡಿ ಕಂಡುಕೊಂಡರು.

ಈಗ ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೀರುವಿನಲ್ಲಿರುವ ಉಪಕರಣಗಳು ಐದು. ನನಗೆ ದೊರೆತವು ಏಳು. ಮಿಕ್ಕ ಎರಡು ಶಾಲೆಯಲ್ಲಿಲ್ಲ. ಅದರ ಕಾರಣವನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ.

ಕತ್ತಲೆಯಲ್ಲಿಯೂ ಕಾಣಲೆಂದು ಆ ಕಾಲದ ಅನೇಕ ಉಪಕರಣಗಳ ಅಂಕೆಗಳಿಗೆ ರೇಡಿಯಂ ಬೆರೆಸಿದ ಹೊಳೆಯುವ ಬಣ್ಣವನ್ನು ಬಳಿಯುತ್ತಿದ್ದರು. ರೇಡಿಯಮ್ಮನ್ನು ೧೮೯೮ರಲ್ಲಿ ಕಂಡುಹಿಡಿದವರು ಮೇರಿ ಕ್ಯೂರಿ ಮತ್ತು ಅವರ ಪತಿಯಾದ ಪಿಯೆರ್ ಎಂಬುದನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಆ ಬಣ್ಣವನ್ನು ಬಳಿದವರು ಯಾರೆಂಬುದನ್ನು ಪಾಠದಲ್ಲಿ ಓದುವುದಿಲ್ಲ. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಆರೆಂಜ್ ಎಂಬ ಊರಿನಲ್ಲಿಯೂ ಇತರ ಕಡೆಗಳಲ್ಲಿಯೂ ಒಂದನೆಯ ಮಹಾಯುದ್ಧದ ಕಾಲದಿಂದ ಈ ಕೆಲಸಕ್ಕೆ ಹುಡುಗಿಯರನ್ನು ಇಟ್ಟುಕೊಂಡರು. ಅನೇಕರು ನಮ್ಮ ಹತ್ತನೆಯ ತರಗತಿಯವರ ವಯಸ್ಸಿನವರು. ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಮೊನಚುಮಾಡಿಕೊಳ್ಳುವಂತೆ ಅವರಿಗೆ ಕಲಿಸಲಾಗಿತ್ತು, ಅಪಾಯವಿಲ್ಲವೆಂದೂ ಹೇಳಲಾಗಿತ್ತು. ರೇಡಿಯಮ್ಮು ಸುಣ್ಣದ ಅಂಶದಂತೆಯೇ ಎಲುಬನ್ನು ಸೇರುವ ಗುಣವುಳ್ಳದ್ದು. ಕೆಲವು ವರ್ಷಗಳೊಳಗೆ ಅವರ ಹಲ್ಲುಗಳು ಉದುರಿದವು, ದವಡೆಯೆಲುಬುಗಳು ಕೊಳೆತವು, ಅನೇಕರು ಯೌವನದಲ್ಲಿಯೇ ತೀರಿಕೊಂಡರು. ಗ್ರೇಸ್ ಫ್ರೈಯರ್ ಎಂಬಾಕೆಯೂ ಆಕೆಯ ನಾಲ್ವರು ಜತೆಗಾತಿಯರೂ ೧೯೨೭ರಲ್ಲಿ ನ್ಯಾಯಾಲಯದ ಮೆಟ್ಟಲು ಹತ್ತಿದರು. ನಡೆಯಲಾರದೆ, ಕೈಯೆತ್ತಿ ಪ್ರಮಾಣ ಮಾಡಲಾರದೆ ಇದ್ದವರೂ ಅವರಲ್ಲಿದ್ದರು. ೧೯೨೮ರಲ್ಲಿ ತಲೆಗೆ ೧೦,೦೦೦ ಡಾಲರಿನಂತೆ ಪರಿಹಾರವೂ ವರ್ಷಾಶನವೂ ಗೊತ್ತಾದವು. ಅದಕ್ಕಿಂತಲೂ ದೊಡ್ಡ ಫಲವು ಇನ್ನೊಂದು. ಇಂಥ ಕೆಲಸಗಾರ್ತಿಯರ ದೇಹಗಳನ್ನು ಪರೀಕ್ಷಿಸಿ ತಿಳಿದುದರಿಂದಲೇ, ಮನುಷ್ಯದೇಹದಲ್ಲಿ ಸೇರಬಹುದಾದ ರೇಡಿಯಮ್ಮಿನ ಮೇರೆಯನ್ನು ಅಮೆರಿಕದಲ್ಲಿ ೧೯೪೧ರಲ್ಲಿ ಮೊದಲ ಬಾರಿಗೆ ನಿಗದಿಮಾಡಿದರು. ಎರಡನೆಯ ಯುದ್ಧದಲ್ಲಿ ಅದೇ ಕೆಲಸಕ್ಕೆ ಕುಳಿತ ಹುಡುಗಿಯರಿಗೆ ಆ ಮೇರೆಯೇ ರಕ್ಷೆಯಾಯಿತು.

ಇದನ್ನು ತಿಳಿದಿದ್ದುದರಿಂದ ಉಪಕರಣಗಳನ್ನು ಮಕ್ಕಳ ಕೈಗೆ ಕೊಡುವ ಮುನ್ನವೇ, ಭೌತಶಾಸ್ತ್ರದ ಅಧ್ಯಾಪಿಕೆಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರನ್ನು ಕರೆಸಿದೆನು. ಅವರು ಗೈಗರ್ ಕೌಂಟರನ್ನು ತಂದು ಒಂದೊಂದರ ಮುಂದೆಯೂ ಹಿಡಿದರು. ಐದರ ಮುಂದೆ ಅದು ಎಂದಿನಂತೆ ಆಗೊಮ್ಮೆ ಈಗೊಮ್ಮೆ ಟಿಕ್ಕೆಂದಿತು. ಎರಡರ ಮುಂದೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು ಮಾಡಿತು. ಆ ಎರಡೂ ಕತ್ತಲೆಯಲ್ಲಿ ಹೊಳೆಯುತ್ತಲೇ ಇರಲಿಲ್ಲ. ಹೊಳಪು ಕೊಡುವ ಸತುವಿನ ಪುಡಿಯು ಕೆಲವು ವರ್ಷಗಳಲ್ಲಿ ಸವೆದುಹೋಗುತ್ತದೆ. ರೇಡಿಯಮ್ಮು ಅರ್ಧವಾಗುವುದಕ್ಕೆ ೧೬೦೦ ವರ್ಷ ಬೇಕು. ಅವನ್ನು ಇರಿಸಿಕೊಳ್ಳಲು ತಕ್ಕ ಅನುಮತಿಯುಳ್ಳವರಿಗೆ ಒಪ್ಪಿಸಿ, ರಶೀದಿಯನ್ನು ಶಾಲೆಯ ಕಡತದಲ್ಲಿ ಇರಿಸಿದ್ದೇನೆ.

ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಹಳೆಯ ಉಪಕರಣವೋ, ಹೊಳೆಯುವ ಅಂಕೆಗಳ ಗಡಿಯಾರವೋ ಇದ್ದರೆ ಅದರ ಗಾಜನ್ನು ತೆಗೆಯಬೇಡಿರಿ, ಬಣ್ಣವನ್ನು ಕೆರೆಯಬೇಡಿರಿ, ಮಕ್ಕಳ ಆಟಕ್ಕೆ ಕೊಡಬೇಡಿರಿ, ಪರೀಕ್ಷಿಸದೆ ಗುಜರಿಗೂ ಹಾಕಬೇಡಿರಿ. ದೆಹಲಿಯ ಮಾಯಾಪುರಿಯಲ್ಲಿ ೨೦೧೦ರಲ್ಲಿ ತಿಳಿಯದೆ ಗುಜರಿಗೆ ಬಂದ ವಿಕಿರಣವಸ್ತುವೊಂದನ್ನು ಬಿಚ್ಚಿದುದರಿಂದ ಹಲವರು ನರಳಿ, ಒಬ್ಬನು ಪ್ರಾಣ ಕಳೆದುಕೊಂಡನು. ಸಂದೇಹವಿದ್ದಲ್ಲಿ ನಮಗೆ ತಿಳಿಸಿರಿ. ಪರೀಕ್ಷೆಗೆ ಏರ್ಪಾಡು ಮಾಡುತ್ತೇವೆ.

ಇನ್ನು ಆ ಪೋಷಕರ ಪ್ರಶ್ನೆಗೆ ನನ್ನ ಉತ್ತರವಿದು. ಈ ಮುಳ್ಳುಗಳನ್ನು ನೋಡುತ್ತಲೇ ಬಾಂಬು ಹಾಕಿದವರೂ ಇದ್ದಿರಬಹುದು. ಗಾಯಾಳುಗಳನ್ನು ಆಸ್ಪತ್ರೆಗೆ ಮುಟ್ಟಿಸಿದವರೂ ಇದ್ದಿರಬಹುದು. ಕತ್ತಿಗಳು ನೇಗಿಲ ಗುಳಗಳಾಗುವುದನ್ನು ಕಂಡ ಪ್ರವಾದಿಯ ಗ್ರಂಥವನ್ನು ಪ್ರತಿನಿತ್ಯ ಓದುವ ಶಾಲೆಯಲ್ಲಿ, ಯುದ್ಧದ ಉಪಕರಣವು ಪಾಠದ ಉಪಕರಣವಾಗುವುದರಲ್ಲಿ ಅಸಂಗತವೇನೂ ನನಗೆ ತೋರಲಿಲ್ಲ. ನಮ್ಮ ಹುಡುಗಿಯರಲ್ಲಿ ಅನೇಕರು ನಾಳೆ ಬಟ್ಟೆಯ ಕಾರ್ಖಾನೆಗೋ, ಔಷಧದ ಕಾರ್ಖಾನೆಗೋ, ಪ್ರಯೋಗಶಾಲೆಗೋ ಕೆಲಸಕ್ಕೆ ಹೋಗುವರು. ಆರೆಂಜಿನ ಆ ಹುಡುಗಿಯರಿಗೆ ಹೇಳಿದಂತೆಯೇ ಇವರಿಗೂ "ಅಪಾಯವಿಲ್ಲ" ಎಂದು ಯಾರಾದರೂ ಹೇಳಬಹುದು. ಆಗ ವಿನಯದಿಂದಲೂ ಧೈರ್ಯದಿಂದಲೂ, "ಅದನ್ನು ಅಳೆದವರು ಯಾರು? ಹೇಗೆ ಅಳೆದರು?" ಎಂದು ಕೇಳುವ ಅಭ್ಯಾಸವು ಅವರಿಗಿರಬೇಕು. ಆ ಅಭ್ಯಾಸಕ್ಕಾಗಿಯೇ ಬೀರುವಿನಲ್ಲಿ ಎರಡು ಸ್ಥಳಗಳನ್ನು ಬರಿದಾಗಿ ಬಿಟ್ಟು, ಅಲ್ಲಿದ್ದ ಉಪಕರಣಗಳ ಹೆಸರಿನ ಚೀಟಿಯನ್ನೂ ಬಣ್ಣ ಬಳಿದ ಹುಡುಗಿಯರ ವೃತ್ತಾಂತವನ್ನೂ ಇರಿಸಿದ್ದೇವೆ.

ಶಾಲೆಗೆ ಬಂದಾಗ ದಯಮಾಡಿ ಅದನ್ನು ನಿಂತು ಓದಿರಿ. ನಿಮ್ಮ ಹೆಣ್ಣುಮಕ್ಕಳಿಂದಲೂ ಓದಿಸಿರಿ. ನಮ್ಮ ಮಕ್ಕಳ ಕೈಗೆಲಸಗಳನ್ನೂ ಅವರ ಆರೋಗ್ಯವನ್ನೂ ದೇವರು ಕಾಪಾಡಲಿ ಎಂಬುದೇ ನನ್ನ ಪ್ರಾರ್ಥನೆ.

— ಮುಖ್ಯೋಪಾಧ್ಯಾಯಿನಿ