ಗಾಡಿ ತಗ್ಗಿಸುವ ಮಾತು

ನಮ್ಮ ಪಿಕಪ್ಪನ್ನು ತಗ್ಗಿಸಬೇಕೆಂದು ತಂಗಿಯ ಮಗ ಹಟ ಹಿಡಿದ. ಕೊಯಮತ್ತೂರಿನಲ್ಲಿ ಅಂಥ ಗಾಡಿ ಕಂಡಿದ್ದನಂತೆ. "ಗಿಡ್ಡ ಶಾಕ್ ಹಾಕಿದರೆ ಸಾಕು ಮಾವ" ಎಂದ.

ಭಾರ ಹೊರುವುದು ಹಿಂದಿನ ಕಮಾನು ಪಟ್ಟಿ. ಅದು ಕುಣಿಯದಂತೆ ತಡೆಯುವುದಷ್ಟೇ ಶಾಕಿನ ಕೆಲಸ. ತಗ್ಗಿಸುವುದಾದರೆ ಮೊದಲು ಬಾಗು ಕಡಿಮೆಯ ಪಟ್ಟಿ, ಆಮೇಲೆ ಆ ಎತ್ತರಕ್ಕೆ ಹೊಂದುವ ಶಾಕ್. ಖಾಲಿ ಗಾಡಿಗೆ ಚೆಂದವೇ. ಆದರೆ ಕೋಸು ತುಂಬಿಕೊಂಡು ಸತ್ಯಮಂಗಲದ ಕಡೆಗೆ ದಿಂಬಂ ಘಾಟಿಯ 27 ತಿರುವು ಇಳಿಯುವಾಗ ಪಟ್ಟಿಗೆ ಕುಗ್ಗಲು ಜಾಗವಿಲ್ಲದಿದ್ದರೆ ಆಕ್ಸಲ್ ಮೇಲಕ್ಕೆ ಬಡಿಯುತ್ತದೆ, ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ತಾಳವಾಡಿಯ ನಾವು ಪಟ್ಟಿ ಸೇರಿಸುವವರು. ಖಾಲಿ ಬರುವಾಗ ಸೊಂಟ ನೋಯುತ್ತದೆ, ಅದು ಬೇರೆ ಮಾತು.

ಸಾಲದ ಕಂತು ಇನ್ನೂ ಇದೆ. ಮೊದಲಿನ ಉದ್ದದ್ದೇ ಹೊಸ ಶಾಕ್ ಜೋಡಿ ಹಾಕಿಸಿದೆ. ಮಾವನಿಗೆ ಅಂದಚೆಂದ ತಿಳಿಯದೆಂದು ಅವನು ಮನೆಯಲ್ಲಿ ಹೇಳುತ್ತಾನಂತೆ.