ಗಸಗಸೆ ತರಬೇಡ ಅಕ್ಕ

ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಒಂದು ಜೊಂಪು ನಿದ್ದೆ ತೆಗೆಯದವರು ನಮ್ಮಲ್ಲಿ ಯಾರಿದ್ದಾರೆ? ಅದು ಅಫೀಮು ಗಿಡದ್ದೇ ಬೀಜ ಎಂಬುದು ನಮಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ. ದುಬೈಗೆ ಅದನ್ನು ಒಯ್ಯುವಂತಿಲ್ಲ ಎಂದು ಕೇಳಿದ್ದೆ. ಆದರೆ 2023ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟ ನನಗೆ ತಂಗಿಯೇ ಫೋನು ಮಾಡಿ, "ಗಸಗಸೆ ತರಬೇಡ ಅಕ್ಕ. ದಶಮೂಲಾರಿಷ್ಟಾನೂ ಬೇಡ, ಕೆಮ್ಮಿನ ಸಿರಪ್ಪೂ ಬೇಡ" ಎಂದಾಗ ಸೋಜಿಗವಾಯಿತು.

ಅವಳು ಅಲ್ಲಿ ಇಪ್ಪತ್ತು ವರ್ಷದಿಂದ ನರ್ಸು. ರೋಗಿಯನ್ನು ಎತ್ತುವಾಗ ಸೊಂಟ ಉಳುಕಿ, ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯಿಂದ ಶುರುವಾದದ್ದು. ನೋವು ಹೋದರೂ ಮಾತ್ರೆ ಬಿಡಲಿಲ್ಲ. ಕೊನೆಗೆ ವಾರ್ಡಿನ ಮಾತ್ರೆಗೇ ಕೈಹಾಕಿ ಸಿಕ್ಕಿಬಿದ್ದಳು. ರಾಜ್ಯದ ನರ್ಸಿಂಗ್ ಮಂಡಳಿ 2022ರಲ್ಲಿ ಅವಳ ಲೈಸೆನ್ಸ್ ರದ್ದು ಮಾಡಿ, ಆ ರದ್ದನ್ನು ತಡೆಹಿಡಿದು, ಮೂರು ವರ್ಷದ ಪ್ರೊಬೇಷನ್ನಿನ ಮೇಲೆ ಇಟ್ಟಿತು. ನಮ್ಮಲ್ಲಿ ಪ್ರೊಬೇಷನ್ ಎಂದರೆ ಹೊಸದಾಗಿ ಕೆಲಸಕ್ಕೆ ಸೇರಿದವರ ಮಾತು. ಅಲ್ಲಿ ಅದು, ಹೋದ ಲೈಸೆನ್ಸನ್ನು ದಿನದಿನವೂ ಮತ್ತೆ ಗಳಿಸಿಕೊಳ್ಳುವ ಪಾಡು.

ಆರು ತಿಂಗಳು ಆ ಪಾಡನ್ನು ಹತ್ತಿರದಿಂದ ನೋಡಿದೆ. ಬೆಳಗ್ಗೆ ಕಾಫಿಗೆ ಮುಂಚೆ ಅವಳು ಫೋನು ಮಾಡಿ, ಇವತ್ತು ತನಗೆ ಪರೀಕ್ಷೆ ಇದೆಯೇ ಎಂದು ತಿಳಿದುಕೊಳ್ಳಬೇಕು. ಇದೆ ಎಂದರೆ ಹಬ್ಬವಿರಲಿ, ಭಾನುವಾರವಿರಲಿ, ಅದೇ ದಿನ ಹೋಗಿ ಮೂತ್ರ ಕೊಟ್ಟು ಬರಬೇಕು. ಮೊದಲ ವರ್ಷ 52ರಿಂದ 104 ಸಲ, ಎರಡನೆಯ ವರ್ಷದಿಂದ ವರ್ಷಕ್ಕೆ 36ರಿಂದ 104 ಸಲ ಎಂದು ನಿಯಮ. ಕೊಡುವಾಗ ಇನ್ನೊಬ್ಬ ಹೆಂಗಸು ನಿಂತು ನೋಡುತ್ತಿರುತ್ತಾಳೆ. ಬರೆಯಲು ನನಗೇ ಸಂಕೋಚ. ಐವತ್ತು ಸಮೀಪಿಸಿದ ಅವಳಿಗೆ ಹೇಗಾಗಿರಬೇಕು, ನೀವೇ ಹೇಳಿ. ಖರ್ಚೂ ಅವಳದೇ.

ಕುಡಿತ ಅವಳ ಕಾಯಿಲೆಯಲ್ಲದಿದ್ದರೂ ಮದ್ಯವೂ ವರ್ಜ್ಯ. ಕುಡಿದು ಎರಡು ಮೂರು ದಿನವಾದರೂ ಚಾಡಿ ಹೇಳುವ ಪರೀಕ್ಷೆ ಇದೆಯಂತೆ. ನಾವು ಬಾಣಂತಿಯರಿಗೆ ಕುಡಿಸುವ ದಶಮೂಲಾರಿಷ್ಟದಲ್ಲಿ ಹುದುಗು ಬಂದು ಮದ್ಯಸಾರ ತಾನಾಗಿ ಹುಟ್ಟುತ್ತದೆ. ಗಸಗಸೆ ತಿಂದರೆ ಮೂತ್ರದಲ್ಲಿ ಮಾರ್ಫೀನ್ ಕಾಣಿಸಬಹುದು. ಆಮೇಲೆ "ನಾನು ಪಾಯಸ ಕುಡಿದೆ" ಎಂದರೆ ಯಾರು ನಂಬುತ್ತಾರೆ? ಕಳ್ಳತನ ಮಾಡಿದವಳ ಮಾತು ತಾನೆ!

ಪರೀಕ್ಷೆಯ ಜೊತೆಗೆ ಸಭೆಗಳು. ಹೋಗಿ ಬಂದದ್ದಕ್ಕೆ ಚೀಟಿಯ ಮೇಲೆ ರುಜು ಹಾಕಿಸಿಕೊಂಡು ಮಂಡಳಿಗೆ ಲೆಕ್ಕ ಒಪ್ಪಿಸಬೇಕು. ಹೊರಗಿನವರಿಗೂ ಪ್ರವೇಶವಿದ್ದ ಒಂದು ಸಭೆಗೆ ನಾನೂ ಹೋಗಿದ್ದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಈ ಕೂಟ 1935ರಲ್ಲಿ ಒಹಾಯೊದ ಆಕ್ರನ್ ಊರಿನಲ್ಲಿ ಹುಟ್ಟಿತು. ಶುರು ಮಾಡಿದ ಇಬ್ಬರೂ ಕುಡಿತಕ್ಕೆ ಬಿದ್ದವರೇ, ಅವರಲ್ಲೊಬ್ಬ ಶಸ್ತ್ರವೈದ್ಯ. ಅದನ್ನು ಕೇಳಿ ನನಗೆ ಯಾಕೋ ಸಮಾಧಾನವಾಯಿತು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು, ಹೇಳುವುದಿಲ್ಲ. ಮಡಿಸುವ ಕುರ್ಚಿಗಳು, ನೀರು ನೀರು ಕಾಫಿ ಇದ್ದವೆಂದರೆ ತಪ್ಪಾಗಲಾರದು. ಹೆಸರಿನ ಮೊದಲ ಭಾಗವಷ್ಟೇ ಹೇಳಿದರೆ ಸಾಕು, ಮನೆತನ ಯಾರಿಗೂ ಬೇಡ. ಮಂಡಳಿಯ ಕಡೆ ನೋಡಿದರೆ, ಅವಳ ಪೂರ್ತಿ ಹೆಸರು, ಏನು ಮಾಡಿದಳು, ಏನು ತೀರ್ಪಾಯಿತು ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು. ರೋಗಿಗಳಿಗೆ ತಿಳಿಯಬೇಕಾದದ್ದೇ, ನಿಜ. ಆದರೂ ಅಕ್ಕನಿಗೆ ಸಂಕಟ.

ಲೋಕವೆಲ್ಲ ಓದಬಹುದಾದದ್ದು ಶಿವಮೊಗ್ಗದಲ್ಲಿದ್ದ ಅಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. "ಯಾಕೆ ಬರಲ್ಲ ಅವಳು? ನಾನು ಸತ್ತ ಮೇಲೆ ಬರ್ತಾಳಾ?" ಎಂದು ಪ್ರತಿ ಸಲ ಕೇಳುವಳು. ರಾಜ್ಯ ಬಿಟ್ಟು ಹೋದರೆ ಅಲ್ಲಿಯೂ ಮಂಡಳಿ ಒಪ್ಪಿದ ಕಡೆ ಪರೀಕ್ಷೆಗೆ ಏರ್ಪಾಡಾಗಬೇಕು ಎಂದು ಎಂಬತ್ತರ ಮುದುಕಿಗೆ ಹೇಗೆ ವಿವರಿಸುವುದು?

"ಇಂಗ್ಲಿಷಲ್ಲಿ ಎಲ್ಲರ ಮುಂದೆ ಹೇಳ್ತೀನಿ ಅಕ್ಕ, ಕನ್ನಡದಲ್ಲಿ ಬಾಯೇ ಬರಲ್ಲ" ಎಂದಳು ತಂಗಿ. ನನಗೆ ಅರ್ಥವಾಯಿತು. ಚಟ ಎಂದರೆ ಪೋಲಿಗಳ ನೆನಪಾಗುತ್ತದೆ. ವ್ಯಸನ ಎನ್ನಬಹುದು. ಆದರೆ ನಮ್ಮ ಭಾಷೆಯಲ್ಲಿ ದುಃಖಕ್ಕೂ ಅದೇ ಮಾತು. "ವ್ಯಸನ ಪಡಬೇಡ" ಎಂದು ಅಜ್ಜಿ ಹೇಳುತ್ತಿದ್ದದ್ದು ಬೇರೆಯೇ. ಎರಡಕ್ಕೂ ಒಂದೇ ಮಾತು ಇಟ್ಟವರು ಏನನ್ನೋ ಕಂಡಿದ್ದರೆಂದು ನನಗೆ ಈಗ ಅನ್ನಿಸುತ್ತದೆ.

ನಾನು ಊರಿಗೆ ಹೊರಡುವ ಹಿಂದಿನ ವಾರ ಅವಳೇ ಫೋನು ಹಿಡಿದಳು. "ಅಮ್ಮಾ, ನನಗೆ ನೋವಿನ ಮಾತ್ರೆ ಅಂಟಿಕೊಂಡುಬಿಟ್ಟಿತ್ತು. ಆಸ್ಪತ್ರೆಯದ್ದು ಕದ್ದೆ. ಈಗ ನುಂಗ್ತಿಲ್ಲ ಅಂತ ತೋರಿಸೋಕೆ ಪರೀಕ್ಷೆ ಕೊಡ್ತಾ ಇದೀನಿ." ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಲೈನು ಕಟ್ಟಾಯಿತೇನೋ ಎಂದುಕೊಂಡೆವು.

"ಪರೀಕ್ಷೆಗೆ ದುಡ್ಡು ಯಾರು ಕೊಡ್ತಾರೆ?" ಎಂದಳು ಅಮ್ಮ.

"ನಾನೇ ಅಮ್ಮಾ."

ಮೂರನೆಯ ದಿನ ಅಣ್ಣನಿಂದ ಫೋನು ಬಂತು. ಅಮ್ಮ ತನ್ನ ಪಿಂಚಣಿಯಿಂದ ಹತ್ತು ಸಾವಿರ ರೂಪಾಯಿ ತೆಗೆಸಿ ಇಟ್ಟಿದ್ದಾಳೆ, ಅಮೆರಿಕಕ್ಕೆ ಕಳಿಸುವುದು ಹೇಗೆ ಎಂದು ಕೇಳುತ್ತಿದ್ದಾಳೆ ಎಂದ. ತಂಗಿ ಡಾಲರಿನಲ್ಲಿ ಲೆಕ್ಕ ಹಾಕಿ, ಎರಡು ಪರೀಕ್ಷೆಗೆ ಆಗುತ್ತದೆ ಎಂದಳು.