ಬ್ಯಾಂಕು ಮತ್ತು ಸಾಲಿ

ಮನಸ್ಸಿಗೆ ಹಿಡಿಸಿದ ಕೆಲಸ ಮೇಲೋ, ಸಂಬಳ ಹೆಚ್ಚಿರುವ ಕೆಲಸ ಮೇಲೋ ಎಂದು ಈಗಿನ ಹುಡುಗರು ಕೇಳುವಾಗ ಒಬ್ಬರೇ ನಿಂತುಕೊಂಡು ಕೇಳುತ್ತಾರೆ. ನಮ್ಮ ಕಾಲದಲ್ಲಿ ಹಾಗೆ ಒಬ್ಬನೇ ನಿಲ್ಲುವುದಕ್ಕೆ ಜಾಗ ಇರಲಿಲ್ಲ. ಹಿಂದೆ ಅಪ್ಪನ ಸಾಲ, ಪಕ್ಕದಲ್ಲಿ ತಂಗಿಯ ಲಗ್ನ, ಮುಂದೆ ಇನ್ನೂ ಎಸ್ಸೆಸ್ಸೆಲ್ಸಿ ದಾಟದ ತಮ್ಮ. ಪ್ರಶ್ನೆ ನನ್ನದಾದರೂ ಉತ್ತರ ಹೇಳುವುದಕ್ಕೆ ಇವರೆಲ್ಲ ಹಕ್ಕುಳ್ಳವರೇ. ನನ್ನ ಪಾಲಿಗೆ ಆ ಪ್ರಶ್ನೆ 1984ರ ಮೇ ತಿಂಗಳಲ್ಲಿ ಬಂತು, ಎರಡು ಲಕೋಟೆಗಳಲ್ಲಿ ಬಂತು.

ಮೊದಲು ಬಂದದ್ದು ಖಾನಾಪುರದ ಲಕೋಟೆ. ಅಲ್ಲಿಯ ಒಂದು ಕನ್ನಡ ಹೈಸ್ಕೂಲಿನಲ್ಲಿ ಗಣಿತಕ್ಕೊಬ್ಬರು, ಕನ್ನಡಕ್ಕೊಬ್ಬರು ಬೇಕಾಗಿದ್ದರು. ನಾನೂ ನನ್ನ ಹೆಂಡತಿಯೂ ಬಿ.ಎಡ್.ನಲ್ಲಿ ಒಂದೇ ತರಗತಿಯವರು. ಮದುವೆಯಾಗಿ ಮೂರು ತಿಂಗಳಾಗಿತ್ತಷ್ಟೇ. "ಗಂಡ ಹೆಂಡ್ತಿ ಇಬ್ರೂ ಬರ್ರಿ. ಇರಾಕ ಒಂದು ಖೋಲಿ ಕೊಡ್ತೀವಿ" ಎಂದು ಕಮಿಟಿಯ ಚೇರ್ಮನ್ನರು ಬಾಯಿಮಾತಿನಲ್ಲಿ ಹೇಳಿದ್ದನ್ನೇ ಕಾಗದದಲ್ಲೂ ಬರೆದಿದ್ದರು. ಸಂಬಳ ಒಬ್ಬೊಬ್ಬರಿಗೆ ಇನ್ನೂರೈವತ್ತು. ಅನುದಾನ ಬಂದಿರಲಿಲ್ಲ, ಬರುವ ವರ್ಷ ಬರುತ್ತದೆ ಎಂಬ ನಂಬಿಕೆಯಿತ್ತು. ಶಾಲೆಯೆಂದರೆ ಖಾನಾಪುರದ್ದೇ ಹೆಂಚು ಹೊದೆಸಿದ ಉದ್ದನೆಯ ಒಂದು ಪಡಸಾಲೆ, ನಡುನಡುವೆ ತಟ್ಟಿ ಕಟ್ಟಿ ಮೂರು ಕ್ಲಾಸು ಮಾಡಿದ್ದು. ನಾವಿಬ್ಬರೂ ಅದನ್ನು ನೋಡಿ ಬಂದಿದ್ದೆವು. ಬರುವಾಗ ಮಲಪ್ರಭೆಯ ದಂಡೆಯ ಮೇಲೆ ಕೂತು, ಯಾವ ಕ್ಲಾಸು ಯಾರಿಗೆ ಎಂದು ಹಂಚಿಕೊಂಡೂ ಆಗಿತ್ತು.

ಎಂಟು ದಿನ ಬಿಟ್ಟು ಬ್ಯಾಂಕಿನ ಲಕೋಟೆ ಬಂತು. ಎಂದೋ ಬರೆದ ಪರೀಕ್ಷೆ, ನಾನು ಮರೆತೇಬಿಟ್ಟಿದ್ದೆ. ಬೆಳಗಾವಿಯಲ್ಲೇ ಕ್ಲಾರ್ಕ್. ಕೈಗೆ ಸಾವಿರದ ನೂರಕ್ಕೆ ಕಡಿಮೆಯಿಲ್ಲ, ಅದೂ ತಿಂಗಳ ಕೊನೆಗೆ ತಪ್ಪದೆ.

ಅಪ್ಪ ವಡಗಾವಿಯಲ್ಲಿ ಕೈಮಗ್ಗ ನೇಯುತ್ತಿದ್ದವರು. ಅಕ್ಕಪಕ್ಕದವರೆಲ್ಲ ಪವರ್‌ಲೂಮ್ ಹಾಕಿದರೆಂದು ತಾವೂ ಸಾಲ ಎತ್ತಿ ಎರಡು ಹಾಕಿದ್ದರು. ಸೀರೆಗೆ ದರ ಬಿದ್ದಾಗ ಮಗ್ಗ ನಿಂತರೂ ಬಡ್ಡಿ ನಿಲ್ಲಲಿಲ್ಲ. ಅಪ್ಪ ಬ್ಯಾಂಕಿನ ಪತ್ರವನ್ನು ಎರಡು ಸಲ ಓದಿಸಿಕೊಂಡು, ಏನೂ ಹೇಳದೆ, ದೇವರ ಫೋಟೊದ ಹಿಂದೆ ಸಿಕ್ಕಿಸಿ ಮಗ್ಗದ ಖೋಲಿಗೆ ಹೋದರು. ಖಾನಾಪುರದ್ದು ಕಿಟಕಿಯಲ್ಲೇ ಉಳಿಯಿತು. ಆ ರಾತ್ರಿ ತೀರ್ಮಾನ ಹೇಳಿದವಳು ನನ್ನ ಹೆಂಡತಿ.

"ಒಬ್ರು ಬ್ಯಾಂಕಿಗಿ ಹೋಗೂಣು, ಒಬ್ರು ಸಾಲಿಗಿ ಹೋಗೂಣು."

"ಯಾರು ಎಲ್ಲಿಗಿ?"

"ಬ್ಯಾಂಕಿನ ಕಾಗದ ನಿಮ್ಮ ಹೆಸರಿಗಿ ಬಂದದ ನೋಡ್ರಿ."

ಇದಕ್ಕೆ ಎದುರಾಡಲು ಬಿ.ಎಡ್.ನಲ್ಲಿ ಯಾರೂ ಕಲಿಸಿರಲಿಲ್ಲ.

ಅಂದಿನಿಂದ ನಮ್ಮ ಮನೆಯಿಂದ ಬೆಳಿಗ್ಗೆ ಇಬ್ಬರು ಎರಡು ದಿಕ್ಕಿಗೆ ಹೊರಡತೊಡಗಿದೆವು. ಆಕೆ ಡಬ್ಬಿ ಹಿಡಿದು ಸ್ಟೇಶನ್ನಿಗೆ. ಆಗಿನ್ನೂ ಮೀಟರ್‌ಗೇಜು. ದೇಸೂರು, ಇದಲಹೊಂಡ ದಾಟಿ ಪ್ಯಾಸೆಂಜರು ಖಾನಾಪುರ ಮುಟ್ಟುವುದರೊಳಗೆ ಒಂದು ಕ್ಲಾಸಿನ ಪೇಪರು ತಿದ್ದಿ ಮುಗಿಯುತ್ತಿತ್ತಂತೆ. ನಾನು ಸೈಕಲ್ ಹತ್ತಿ ಬ್ಯಾಂಕಿಗೆ.

ಬ್ಯಾಂಕಿನ ಕೆಲಸ ಬರಬರುತ್ತ ರುಚಿಯಾಯಿತು ಎಂದು ನಾನು ಬರೆಯಲಾರೆ. ಆಗಲಿಲ್ಲ. ವೋಚರ್ ನೋಡಿ ಲೆಡ್ಜರಿಗೆ ಏರಿಸುವುದು, ಲೆಡ್ಜರ್ ನೋಡಿ ಪಾಸ್‌ಬುಕ್ಕಿಗೆ ಇಳಿಸುವುದು, ಸಂಜೆ ಇವೆರಡೂ ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡುವುದು. ಜೂನ್, ಡಿಸೆಂಬರ್ ಬಂದರೆ ಸಾವಿರಾರು ಖಾತೆಗಳ ಬಡ್ಡಿಯನ್ನು ಕೈಯಿಂದ ಕಟ್ಟಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ನಾಲ್ಕು ಜನ ಕೂತು ಹುಡುಕಬೇಕು. ನಾಲ್ವರ ಚಹಕ್ಕೆ ಆಗುತ್ತಿದ್ದ ಖರ್ಚು ಆ ಹತ್ತು ಪೈಸೆಯ ಎಷ್ಟು ಪಟ್ಟು ಎಂದು ಒಮ್ಮೆ ಕೇಳಿದ್ದಕ್ಕೆ ಮ್ಯಾನೇಜರರು ನಗಲಿಲ್ಲ.

ಮನೆಗೆ ಬಂದರೆ ಆಕೆಯ ಬೆರಳಿಗೆ ಕೆಂಪು ಮಸಿ, ಸೆರಗಿಗೆ ಖಡುವಿನ ಧೂಳು, ಬಾಯಿ ತುಂಬ ಸುದ್ದಿ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು. ಮೂರನ್ನೂ ಕಲಸಿ ಅವರು ಬರೆಯುವ ಪ್ರಬಂಧಗಳು. ಜುಲೈ ಮಳೆಯಲ್ಲಿ ಜಾಂಬೋಟಿ ಕಡೆಯ ಹಳ್ಳ ತುಂಬಿದರೆ ಕ್ಲಾಸಿನಲ್ಲಿ ಹನ್ನೊಂದೇ ಮಕ್ಕಳು. ಅಂಥ ದಿನವೂ ಕಂಬಳಿ ಕೊಪ್ಪೆ ಹೊದ್ದು, ಪುಸ್ತಕ ಹೊಟ್ಟೆಗೆ ಕಟ್ಟಿಕೊಂಡು ಬರುವ ಒಬ್ಬ ಹುಡುಗ. ಕೇಳುತ್ತ ಕೂತ ನನ್ನ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಗಂಡ ಹೆಂಡಿರ ನಡುವೆ ಇಂಥ ಮತ್ಸರಕ್ಕೆ ಕನ್ನಡದಲ್ಲಿ ಬೇರೆ ಹೆಸರಿದ್ದರೆ ಬಲ್ಲವರು ಹೇಳಬೇಕು.

ಆಕೆಯ ಸಂಬಳ ಮಾತ್ರ ಹಬ್ಬದ ಹಾಗೆ, ಬಂದಾಗ ಬಂತು. 1987ರಲ್ಲಿ ನಾಲ್ಕು ತಿಂಗಳದ್ದು ಒಟ್ಟಿಗೆ ಬಂತು, ಅದರಲ್ಲಿ ಒಂದು ತಿಂಗಳದ್ದು ಹೊಸ ಅಕ್ಕಿಯ ಚೀಲವಾಗಿ. ಅನ್ನ ಬಹಳ ರುಚಿಯಾಗಿತ್ತು ಎಂಬುದನ್ನು ಒಪ್ಪಬೇಕು.

ನಾನು ಓದಿದ್ದು ಬೆಳಗಾವಿಯ ಜಿ.ಎ. ಹೈಸ್ಕೂಲಿನಲ್ಲಿ. ನಮ್ಮೂರಲ್ಲಿ ಶಿಕ್ಷಣದ ಮೇಲೆ ಯಾರು ಭಾಷಣ ಮಾಡಲಿ, ಕೆ.ಎಲ್.ಇ. ಸಂಸ್ಥೆಯ ಸಪ್ತರ್ಷಿಗಳ ಹೆಸರು ಬಂದೇ ಬರುತ್ತದೆ. ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ ಮೊದಲಾದ ಏಳು ಜನ ತರುಣರು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೊ-ವರ್ನಾಕ್ಯುಲರ್ ಶಾಲೆ ತೆರೆದರು. ಪದವೀಧರರೇ ವಿರಳವಾಗಿದ್ದ ಆ ಕಾಲದಲ್ಲಿ ಡಿಗ್ರಿ ಇದ್ದವನಿಗೆ ಸರ್ಕಾರಿ ಕುರ್ಚಿ ದೂರವಿರಲಿಲ್ಲ. ಭಾಷಣಕಾರರು ಇದನ್ನು ತ್ಯಾಗ ಎನ್ನುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಲೆಡ್ಜರಿನಲ್ಲಿ ಕಣ್ಣು ಸವೆಸಿದ ನನಗೆ ಮಾತ್ರ ಆ ತ್ಯಾಗದ ಹಿಂದಿನ ಲೆಕ್ಕ ಕಾಣತೊಡಗಿತು. ಅವರಿಗೂ ಮೊದಲು ಪುಣೆಯಲ್ಲಿ 1884ರಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಯವರು ಆಜೀವ ಸದಸ್ಯರ ಪದ್ಧತಿ ತಂದಿದ್ದರು. ಗೋಪಾಲಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿಗೆ ಇಪ್ಪತ್ತು ವರ್ಷ ದುಡಿಯುವ ಮಾತು ಕೊಟ್ಟದ್ದು ಅಲ್ಲಿಯೇ. ಗಮನಿಸಿ: ಸಂಬಳ ಸಣ್ಣದು, ಆದರೆ ನಿಶ್ಚಿತ. ಬೆಳಗಾವಿಯಲ್ಲಿಯೂ ಆಜೀವ ಸದಸ್ಯರಿದ್ದರು. ಏಳು ಜನ ಕೂಡಿಯೇ ನಿಂತರು. ಅವರ ಬೆನ್ನಿಗೆ 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ಶಿಕ್ಷಣಕ್ಕೆಂದು ಬಿಟ್ಟುಹೋದ ಆಸ್ತಿಯ ಮೇಲ್ಪಂಕ್ತಿಯಿತ್ತು, ಅರಟಾಳ ರುದ್ರಗೌಡರಂಥವರ ಬೆಂಬಲವಿತ್ತು. ಮನಸ್ಸಿಗೆ ಬಂದ ಕೆಲಸಕ್ಕೂ ದೊಡ್ಡ ಸಂಬಳಕ್ಕೂ ನಡುವೆ ಒಂದಿಷ್ಟು ರೂಪಾಯಿಗಳ ಅಂತರ ಇರುತ್ತದಲ್ಲ, ಆ ಭಾರವನ್ನು ಯಾರೋ ಹೊರಲೇಬೇಕು. ಒಂದು ಸಂಸ್ಥೆ ಹೊತ್ತರೆ ಸಪ್ತರ್ಷಿಗಳಾಗುತ್ತಾರೆ. ಒಬ್ಬನೇ ಹೊರಟರೆ ಆ ಭಾರ ಸದ್ದಿಲ್ಲದೆ ಮನೆಯಲ್ಲಿ ಯಾರದೋ ತಲೆಯ ಮೇಲೆ ಕೂಡುತ್ತದೆ. ನಮ್ಮ ಮನೆಯಲ್ಲಿ ಅದು ನನ್ನ ತಲೆಯ ಮೇಲಿದೆ ಎಂದು ನಾನು ತಿಳಿದಿದ್ದೆ. ಆ ಏಳು ಜನರ ಮನೆಯವರ ಸುದ್ದಿಯನ್ನು ಮಾತ್ರ ನಾನು ಕೇಳಿದ ಯಾವ ಭಾಷಣದಲ್ಲೂ ಕೇಳಲಿಲ್ಲ.

1993ರಲ್ಲಿ ಶಾಲೆಗೆ ಅನುದಾನ ಬಂತು. ಅಷ್ಟರಲ್ಲಿ ಅಪ್ಪನ ಸಾಲ ತೀರಿ, ತಂಗಿಯ ಲಗ್ನವೂ ಮುಗಿದಿತ್ತು. ಅಪ್ಪ ಮಾತ್ರ ಇರಲಿಲ್ಲ.

2001ರ ಆರಂಭದಲ್ಲಿ ಸರ್ಕಾರಿ ಬ್ಯಾಂಕುಗಳಲ್ಲೆಲ್ಲ ಸ್ವಯಂ ನಿವೃತ್ತಿಯ ಗಾಳಿ ಬೀಸಿತು. ಹದಿನೈದು ವರ್ಷ ಸೇವೆಯೋ ನಲವತ್ತು ವಯಸ್ಸೋ ಆಗಿದ್ದರೆ ಸಾಕು. ದೇಶದ ತುಂಬ ಒಂದು ಲಕ್ಷಕ್ಕೂ ಹೆಚ್ಚು ಜನ ಎದ್ದು ಹೊರಟರು. ಫಾರ್ಮು ಮೂರು ರಾತ್ರಿ ರೇಡಿಯೊದ ಕೆಳಗಿತ್ತು. ಮಗಳು ಏಳನೆಯ ಕ್ಲಾಸಿನಲ್ಲಿದ್ದಳು, ಪೆನ್ಶನ್ ಸಣ್ಣದಾಗುತ್ತಿತ್ತು. ಸಹೋದ್ಯೋಗಿಗಳು ಬಿಟ್ಟುಹೋಗಿ ಅಂಗಡಿ ಹಾಕುವ, ಫೈನಾನ್ಸ್ ತೆಗೆಯುವ ಮಾತಾಡುತ್ತಿದ್ದರು. ನಾಲ್ಕನೆಯ ದಿನ ಹೆಂಡತಿ ಫಾರ್ಮನ್ನು ಎಳೆದು ನನ್ನ ಮುಂದಿಟ್ಟಳು.

"ನಮ್ಮ ಸಾಲ್ಯಾಗ ಗಣಿತಕ್ಕ ಮಾಸ್ತರ ಇಲ್ಲ. ಕಮಿಟಿಯವ್ರು ಎರಡು ಸಾವಿರ ಕೊಡ್ತಾರ. ಬರ್ರಿ, ಇನ್ನ ನಿಮ್ಮ ಪಾಳಿ."

"ಮನಿ ನಡೀತದೇನು?"

"ಹದಿನೇಳು ವರ್ಷ ಹೆಂಗ ನಡೀತು?"

ಹೀಗೆ ನಲವತ್ತೊಂದನೆಯ ವಯಸ್ಸಿಗೆ ಆಕೆಯ ಸಂಬಳದ ನೆರಳಿನಲ್ಲಿ ನಾನು ಖಾನಾಪುರದ ರೈಲು ಹತ್ತಿದೆ. ಅಷ್ಟೊತ್ತಿಗೆ ರೈಲು ಬ್ರಾಡ್‌ಗೇಜ್ ಆಗಿತ್ತು, ಪೇಪರು ತಿದ್ದಲು ಮೊದಲಿನಷ್ಟು ಹೊತ್ತು ಸಿಗುತ್ತಿರಲಿಲ್ಲ. ಅಷ್ಟು ವರ್ಷ ಕಾದು ಬಂದವನು ದೊಡ್ಡ ಮಾಸ್ತರನಾದೆ ಎನ್ನಬೇಕಿತ್ತು. ನಾನು ಸಾಧಾರಣ ಮಾಸ್ತರ. ಬಡ್ಡಿಯ ಲೆಕ್ಕ ಬಂದರೆ ಕ್ಲಾಸು ಕಿವಿಗೊಡುತ್ತಿತ್ತು, ರೇಖಾಗಣಿತ ಬಂದರೆ ಕಿಟಕಿ ನೋಡುತ್ತಿತ್ತು. ತಟ್ಟಿಯ ಆಚೆ ಆಕೆಯ ಕ್ಲಾಸಿನಿಂದ ನಗು ಕೇಳಿದರೆ ನನ್ನ ಹುಡುಗರ ಕಿವಿ ಆ ಕಡೆಗೇ. ಆದರೂ ಬೆಳಿಗ್ಗೆ ಎದ್ದಾಗ ಎದೆಯ ಮೇಲೆ ಕೂಡುತ್ತಿದ್ದ ಕಲ್ಲು ಇರಲಿಲ್ಲ. ಅದಕ್ಕೆ ಎರಡು ಸಾವಿರ ಕಡಿಮೆ ಅನಿಸಲಿಲ್ಲ.

2005ರಲ್ಲಿ ಆಕೆ ಹೆಡ್‌ಮಿಸ್ಟ್ರೆಸ್ ಆದಳು. ಅಲ್ಲಿಂದ ಆಟ ತಿರುಗಿತು. ಮರುವರ್ಷ ಎಂಟನೆಯ ತರಗತಿಯವರಿಗೆ ಸರ್ಕಾರದ ಸೈಕಲ್ಲು ಬಂದವು. ಯಾರಿಗೆ ಯಾವ ನಂಬರಿನದು, ಸಹಿ ಎಲ್ಲಿ, ಪೋಷಕರ ಹೆಬ್ಬೆಟ್ಟು ಎಲ್ಲಿ. 2007ರಲ್ಲಿ ಬಿಸಿಯೂಟ ಹೈಸ್ಕೂಲಿಗೂ ಬಂತು. ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು ವಹಿ. ಮಕ್ಕಳು ಉಂಡರೆ ಆಕೆಗೆ ಸಂತೋಷವೇ, ಆದರೆ ಉಂಡದ್ದನ್ನೆಲ್ಲ ಗ್ರಾಂ ಲೆಕ್ಕದಲ್ಲಿ ಬರೆಯಬೇಕಲ್ಲ. ಬ್ಲಾಕ್ ಆಫೀಸಿನ ಮೀಟಿಂಗು, ಫಲಿತಾಂಶದ ಪಟ್ಟಿ, ಕೆಳಗೊಂದು ವಿವರಣೆ. ದಿನಕ್ಕೆ ಆರು ಪಿರಿಯಡ್ ತೆಗೆದುಕೊಳ್ಳುತ್ತಿದ್ದವಳಿಗೆ ಒಂದು ಸಿಕ್ಕರೆ ಹೆಚ್ಚು. ಬಿಡುವಂತಿರಲಿಲ್ಲ, ಮನೆ ಈಗ ಆಕೆಯ ಸಂಬಳದ ಮೇಲೆ ನಿಂತಿತ್ತು, ಮಗಳು ಇಂಜಿನಿಯರಿಂಗ್ ಸೇರಿದ್ದಳು.

"ನಿಮ್ಮ ಬ್ಯಾಂಕು ನನ್ನ ಬೆನ್ನು ಹತ್ತಿ ಬಂತು ನೋಡ್ರಿ" ಎಂದಳು ಒಂದು ರಾತ್ರಿ, ವಹಿಯ ಮೇಲೆ ತಲೆಯಿಟ್ಟು.

ನಾನು ವಹಿ ಎಳೆದುಕೊಂಡೆ. ಇಷ್ಟವಿದ್ದು ಅಲ್ಲ. ಆದರೆ ಎರಡು ಕಾಲಂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡುವುದು ಈ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರು? ಅಂದಿನಿಂದ ಶುಕ್ರವಾರ ರಾತ್ರಿಯ ದಾಸ್ತಾನು ನನ್ನ ಪಾಲಿಗೆ. ಆಕೆ ಒಳಗಿನ ಖೋಲಿಯಲ್ಲಿ ಶನಿವಾರದ ಆ ಒಂದು ಪಿರಿಯಡ್ಡಿಗೆ ಪದ್ಯವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು, ಮೂವತ್ತು ಸಲ ಕಲಿಸಿದ ಪದ್ಯವಾದರೂ. ಹೊರಗೆ ನಾನು ನಾನೂರು ಗ್ರಾಂ ಬೇಳೆ ಹುಡುಕುತ್ತಿದ್ದೆ. ಹತ್ತು ಹೊಡೆದ ಮೇಲೆ ಓದು ನಿಲ್ಲುತ್ತಿತ್ತು.

"ಸಿಕ್ತೇನ್ರಿ?"

"ಇನ್ನೂ ಇಲ್ಲ. ನೀ ಓದು."